ನಿಂತ ಬಿದಿರು

“ತಾಯಿ, ಯಾರನ್ನೂ ತಡೆಯದವನಿಗೆ ತಪ್ಪು ಹೇಗೆ ಅಂಟುತ್ತದೆ?” ಎಂದು ಶಿಷ್ಯ ಕೇಳಿದ.

ಗುರುತಾಯಿ ನದಿಯ ದಂಡೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಊರೂರು ಅಲೆದ ಕಾಲುಗಳು. ಸಂಜೆಯಾದರೆ ಅವಕ್ಕೆ ನೀರು ಬೇಕು. ಅವರು ಶಿಷ್ಯನ ಮುಖ ನೋಡಿದರು. ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ ಎಂದು ಅವರಿಗೆ ಗೊತ್ತಾಯಿತು.

“ಯಾವ ಬಾಗಿಲಿನ ಮಾತು ಇದು?”

“ಬಾಗಿಲೇ ಇಲ್ಲ ತಾಯಿ, ಅದೇ ನನ್ನ ಪ್ರಶ್ನೆ. ನಮ್ಮ ಗುಡ್ಡದ ತೋಪಿಗೆ ಬೇಲಿಯಿಲ್ಲ, ಕಾವಲಿಲ್ಲ. ಬರಬೇಡಿ ಎಂದು ನಾವು ಯಾರಿಗೂ ಹೇಳಿದವರಲ್ಲ. ಆದರೂ ಕೆಲವರು ಬುಡದಲ್ಲೇ ನಿಂತು ನೋಡಿ ಹೊರಟುಹೋಗುತ್ತಾರೆ. ಹತ್ತಲಾಗದಿದ್ದರೆ ಅದು ಅವರ ಕಾಲಿನ ಕೊರತೆ. ನಮ್ಮದು ಹೇಗಾಗುತ್ತದೆ?”

“ಕಾಲಿನ ಕೊರತೆ,” ಎಂದು ಗುರುತಾಯಿ ತಮಗೆ ತಾವೇ ಹೇಳಿಕೊಂಡರು. “ಒಬ್ಬ ಕಲ್ಲುಕುಟಿಗನಿದ್ದ. ಅವನೂ ಬಹಳ ದಿನ ಹೀಗೆಯೇ ಅಂದುಕೊಂಡಿದ್ದ. ಕೇಳು.”

ಬಯಲುಸೀಮೆಯಲ್ಲಿ ಒಂದು ಊರು. ಊರಿನ ಬೆನ್ನಿಗೆ ಒಂದು ಬೋಳು ಬೆಟ್ಟ. ಈ ಕಡೆಯಿಂದ ನೋಡಿದರೆ ಬರೀ ಬಂಡೆ, ಬರೀ ಬಿಸಿಲು. ನೆತ್ತಿ ದಾಟಿ ಆ ಕಡೆಗೆ ಇಳಿದರೆ ಮಾತ್ರ ಒಂದು ಚಿಲುಮೆ, ಅದರ ಸುತ್ತ ಬಿದಿರಿನ ಮೆಳೆ, ನೆರಳು, ತಂಗಾಳಿ. ಊರಿನಲ್ಲಿ ನಿಂತವರಿಗೆ ಅದು ಯಾವುದೂ ಕಾಣುವುದಿಲ್ಲ. ಕುರಿ ಕಾಯುವವರು, ಬಿದಿರು ಕಡಿಯುವವರು, ಹರೆಯದವರು ಬಂಡೆ ಹಿಡಿದು ಹತ್ತಿ ಹೋಗಿಬರುತ್ತಿದ್ದರು. ಬಂದು ಅಲ್ಲಿಯ ತಂಪಿನ ವರ್ಣನೆ ಮಾಡುತ್ತಿದ್ದರು. ಉಳಿದವರು ಬೀಸಣಿಗೆ ಬೀಸಿಕೊಳ್ಳುತ್ತ ಕೇಳುತ್ತಿದ್ದರು.

ಒಂದು ಬೇಸಿಗೆ ಊರಿನ ಗೌಡನಿಗೆ ಮನಸ್ಸು ಬಂತು. “ಬೆಟ್ಟ ಎಲ್ಲರದು. ಎಲ್ಲರೂ ಹತ್ತುವ ಹಾಗೆ ಮೆಟ್ಟಿಲಾಗಲಿ,” ಎಂದ. ಕುಟಿಗನನ್ನು ಕರೆಸಿದರು.

ಈ ಕುಟಿಗ ಮೆಟ್ಟಿಲು ಕಡಿಯುವ ಮನೆತನದವನು. ಅಜ್ಜ ಬಾವಿಗಳಿಗೆ ಕಡಿದಿದ್ದ, ಅಪ್ಪ ಕೆರೆಗಳಿಗೆ ಕಡಿದಿದ್ದ. ಆ ಮನೆತನಕ್ಕೆ ಒಂದು ಪದ್ಧತಿಯಿತ್ತು. ಕೆಲಸ ಹಿಡಿಯುವ ದಿನ ಬೆಳಗಾಗುವಾಗ ಒಂದು ಚಪ್ಪಟೆ ಕಲ್ಲನ್ನು ತಂದು ಇಡಬೇಕು. ಊರಿನವರಲ್ಲಿ ಯಾರು ಮೊದಲು ಬರುತ್ತಾರೋ ಅವರನ್ನು ಆ ಕಲ್ಲಿನ ಮೇಲೆ ನಿಲ್ಲಿಸಬೇಕು. ಅವರು ಒಂದು ಕಾಲು ಎತ್ತಬೇಕು. ಕಷ್ಟವಿಲ್ಲದೆ ಪಾದ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೆ ದಾರ ಹಿಡಿದು ತುಂಡು ಮಾಡಬೇಕು. ಆ ದಾರವೇ ಮೆಟ್ಟಿಲಿನ ಎತ್ತರ. ಕೊನೆಯ ಮೆಟ್ಟಿಲು ಮುಗಿಯುವವರೆಗೆ ಅದು ಕುಟಿಗನ ಮಣಿಕಟ್ಟಿನಲ್ಲಿ ಇರುತ್ತದೆ.

ಮೊದಲು ಬಂದವರೇ ಯಾಕೆ ಎಂದು ಅಜ್ಜ ಹೇಳಿರಲಿಲ್ಲ. ಕುಟಿಗನೂ ಕೇಳಿರಲಿಲ್ಲ. ಕೇಳುವ ಸಂದರ್ಭವೇ ಬಂದಿರಲಿಲ್ಲ. ಅವನ ಕಾಲದಲ್ಲಿ ಬಂದವರೆಲ್ಲ ಹೊಲಕ್ಕೆ ಹೊರಟ ನಡುವಯಸ್ಸಿನ ಗಂಡಸರು. ದಾರ ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು, ಇಲ್ಲವೇ ಎರಡು ಬೆರಳು ಕಡಿಮೆ. ಅಷ್ಟೇ.

ಆ ಊರಿನ ಅಂಚಿನಲ್ಲಿ ಬುಟ್ಟಿ, ಮೊರ ಹೆಣೆಯುವ ಹೆಂಗಸೊಬ್ಬಳಿದ್ದಳು. ಊರು ಅವಳನ್ನು ಬುಟ್ಟಿಯವಳು ಎಂದೇ ಕರೆಯುತ್ತಿತ್ತು. ಎಳವೆಯಲ್ಲಿ ಬಂದ ಜ್ವರ ಅವಳ ಒಂದು ಕಾಲನ್ನು ಬೆಳೆಯಲು ಬಿಟ್ಟಿರಲಿಲ್ಲ. ಊರುಗೋಲು ಹಿಡಿದು ಸಮನೆಲದಲ್ಲಿ ನಡೆಯುತ್ತಿದ್ದಳು. ನಿಧಾನ, ಆದರೆ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ.

ಆ ಬೆಳಿಗ್ಗೆ ಕುಟಿಗ ಕಲ್ಲು ಹೊತ್ತುಕೊಂಡು ಬಂದಾಗ ಅವಳು ಆಗಲೇ ಬೆಟ್ಟದ ಬುಡದಲ್ಲಿ ಕೂತಿದ್ದಳು.

“ಅಣ್ಣಾ, ನಾನೇ ಮೊದಲು ತಾನೇ?”

“ನೀನೇ ಅಕ್ಕಾ,” ಎಂದ ಕುಟಿಗ. ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ತಿಳಿಯದು.

“ಹಾಗಾದರೆ ಅಳಿ.”

ಅವಳು ಕಲ್ಲಿನ ಮೇಲೆ ನಿಂತಳು. ಊರುಗೋಲನ್ನು ಗಟ್ಟಿಯಾಗಿ ಊರಿ ಸಣ್ಣ ಕಾಲನ್ನು ಎತ್ತಿದಳು. ಪಾದ ನಾಲ್ಕು ಬೆರಳು ಮೇಲೆ ಬಂತು. ಇನ್ನಷ್ಟು ಎತ್ತಬಹುದೇನೋ ಎಂದು ಅವನು ಕಾದ. ಅದು ಅಷ್ಟೇ ಆಗಿತ್ತು.

ಕುಟಿಗ ದಾರ ಬಿಚ್ಚಿ ಮೊಣಕಾಲೂರಿದ. ಕೈ ಮುಂದೆ ಹೋಗಲಿಲ್ಲ. ಒಂದು ಆಳಿನ ಎತ್ತರಕ್ಕೆ ಏಳೆಂಟು ಮೆಟ್ಟಿಲು ಸಾಕಾಗುವ ಕಡೆ ಇಪ್ಪತ್ತಕ್ಕೂ ಮೇಲೆ ಕಡಿಯಬೇಕು. ಬೆಟ್ಟ ಎಷ್ಟು ಆಳಿನ ಎತ್ತರ ಎಂದು ತಲೆಯೆತ್ತಿ ನೋಡಿದ. ತನ್ನ ಆಯುಷ್ಯವೆಲ್ಲ ಅಲ್ಲಿಗೇ ಹೋಗುತ್ತದೆ ಅನ್ನಿಸಿತು. ಅಷ್ಟರಲ್ಲಿ ಊರಿನ ಕಡೆಯಿಂದ ತಮಟೆಯ ಸದ್ದು ಕೇಳಿಸಿತು. ಗೌಡ ಬರುತ್ತಿದ್ದ. ಮುಂದೆ ಗರಡಿಯ ಪೈಲ್ವಾನ, ಕೊರಳಲ್ಲಿ ಹಾರ. ಅಳತೆಗೆ ಕಾಲು ಕೊಡುವುದು ದೊಡ್ಡ ಮರ್ಯಾದೆ ಎಂದುಕೊಂಡು, ಊರಿನಲ್ಲೇ ಒಳ್ಳೆಯ ಕಾಲನ್ನು ಅವರು ಆರಿಸಿ ತಂದಿದ್ದರು.

ಕುಟಿಗ ದಾರವನ್ನು ಬೆರಳಿಗೆ ಸುತ್ತಿಕೊಂಡ.

“ಅಕ್ಕಾ, ಮುಹೂರ್ತ ಇನ್ನೂ ಬಂದಿಲ್ಲ. ಸ್ವಲ್ಪ ಇಳಿದು ನಿಲ್ಲು. ಮುಹೂರ್ತ ಬಂದ ಮೇಲೆ ಯಾರು ಬರ್ತಾರೋ ಅವರೇ ಲೆಕ್ಕ.”

ಅವನ ಅಜ್ಜನ ಪದ್ಧತಿಯಲ್ಲಿ ಮುಹೂರ್ತ ಎಂಬುದೇ ಇರಲಿಲ್ಲ.

“ಸುಳ್ಳು ಹೇಳಿದ,” ಎಂದ ಶಿಷ್ಯ.

“ಸಣ್ಣದು,” ಎಂದರು ಗುರುತಾಯಿ. “ದೊಡ್ಡದಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು.”

ಬುಟ್ಟಿಯವಳು ಇಳಿದಳು. ಇಳಿಯುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ಕುಟಿಗ ಬೆಟ್ಟವನ್ನೇ ನೋಡುತ್ತ ನಿಂತಿದ್ದ. ಪೈಲ್ವಾನ ಒಂದೇ ಜಿಗಿತಕ್ಕೆ ಕಲ್ಲೇರಿ ಕಾಲೆತ್ತಿದ. ಒಂದೂವರೆ ಗೇಣು. ಜನ ಸಿಳ್ಳೆ ಹಾಕಿದರು. ದಾರ ತುಂಡಾಯಿತು, ಮಣಿಕಟ್ಟಿಗೆ ಏರಿತು.

ಬುಟ್ಟಿಯವಳು ಗುಂಪಿನ ಆಚೆಯಿಂದ ಕೇಳಿದಳು. “ಅಣ್ಣಾ, ಪೈಲ್ವಾನನಿಗೆ ಮೆಟ್ಟಿಲು ಯಾಕೆ? ಅವನು ಬಂಡೆ ಮೇಲೂ ಹತ್ತತಾನೆ.”

ಎಲ್ಲರೂ ನಕ್ಕರು. ಪೈಲ್ವಾನ ಎಲ್ಲರಿಗಿಂತ ಜೋರಾಗಿ ನಕ್ಕ. ಕುಟಿಗನೂ ನಕ್ಕ. ಆಮೇಲೆ ಎಷ್ಟೋ ವರ್ಷ ಅವನಿಗೆ ನೆನಪಾಗುತ್ತಿದ್ದದ್ದು ಅವಳ ಮಾತಲ್ಲ, ತನ್ನ ಆ ನಗು.

ಏಳು ವರ್ಷ ಕೆಲಸ ನಡೆಯಿತು. ಕಲ್ಲಿನ ಚಕ್ಕೆ ಹೊರುವುದಕ್ಕೆ ಬುಟ್ಟಿ ಬೇಕು. ಬುಟ್ಟಿ ಬೇಕೆಂದರೆ ಅವಳೇ. ವಾರಕ್ಕೊಮ್ಮೆ ಕುಟಿಗ ಅವಳ ಗುಡಿಸಲಿಗೆ ಹೋಗಿ ಹರಿದ ಬುಟ್ಟಿ ಕೊಟ್ಟು ಹೊಸದು ತರುತ್ತಿದ್ದ. ಮೊದಮೊದಲು ಅವಳ ಮುಖ ನೋಡಲು ಹಿಂಜರಿದ. ಅವಳು ಆ ದಿನದ ಮಾತನ್ನು ಎತ್ತಲಿಲ್ಲ. ಎತ್ತಲಿಲ್ಲವಾದ್ದರಿಂದ ಮರೆತಿದ್ದಾಳೆ ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಒಂದು ದಿನ ಅವಳು ಬಿದಿರು ಸೀಳುತ್ತ ಕೇಳಿದಳು. “ಮೇಲೆ ಬಿದಿರು ಹೇಗೆ ನಿಂತಿರ್ತದೆ?”

“ಹೇಗೆ ಅಂದರೆ? ಉದ್ದಕ್ಕೆ. ಹಸಿರಾಗಿ.”

“ಉದ್ದಕ್ಕೆ, ಹಸಿರಾಗಿ,” ಎಂದು ಅವಳು ಅವನ ಧಾಟಿಯಲ್ಲೇ ಹೇಳಿದಳು. “ಕಲ್ಲಿನ ಜೊತೆ ಇದ್ದೂ ಇದ್ದೂ ನಿನ್ನ ಮಾತಿಗೂ ಉಳಿ ಬೇಕು ಕಣಣ್ಣಾ.”

“ನೀನು ಮೂರು ಹೊತ್ತೂ ಬಿದಿರಿನ ಜೊತೆ ಇರೋಳು. ನನ್ನ ಕೇಳ್ತೀಯಲ್ಲ.”

“ನನ್ನ ಹತ್ತಿರ ಬರೋದು ಕಡಿದ ಬಿದಿರು. ಮೂವತ್ತು ವರ್ಷದಿಂದ ಅದನ್ನೇ ನೋಡ್ತಿದ್ದೇನೆ. ಸತ್ತ ಮೇಲೆ ಮನೆಗೆ ಬರೋ ನೆಂಟರ ಹಾಗೆ. ನಿಂತದ್ದನ್ನು ನೋಡಿಲ್ಲ.”

ಅವಳು ಒಂದು ಗಳುವನ್ನು ಎತ್ತಿ ಬೆರಳಿನಿಂದ ತಟ್ಟಿದಳು. ಇದು ಮೂರು ವರ್ಷದ್ದು ಎಂದಳು. ಗಿಣ್ಣಿನಿಂದ ಗಿಣ್ಣಿಗೆ ಬೆರಳು ಜಾರಿಸಿ, ಇದು ಮೆಳೆಯ ಹೊರಗಡೆ ಗಾಳಿಗೆ ಬಾಗಿ ಬೆಳೆದದ್ದು ಎಂದಳು. ಇನ್ನೊಂದನ್ನು ಮುಟ್ಟಿ, ಇದಕ್ಕೆ ಒಂದು ವರ್ಷ ನೀರು ಸಾಲಲಿಲ್ಲ ಎಂದಳು. ಕುಟಿಗ ಬಾಯಿ ಬಿಟ್ಟುಕೊಂಡು ಕೂತ. ದಿನಾ ಆ ಮೆಳೆಯ ನೆರಳಿನಲ್ಲಿ ಬುತ್ತಿ ಬಿಚ್ಚುವವನು ಅವನು. ಇದರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ.

“ಮೆಟ್ಟಿಲು ಮುಗಿಯಲಿ ಅಕ್ಕಾ, ನೋಡುವೆಯಂತೆ,” ಎಂದ. ಎಂದವನು ಮಣಿಕಟ್ಟಿನ ದಾರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಅವಳು ಸೀಳುವುದನ್ನು ನಿಲ್ಲಿಸಲಿಲ್ಲ.

ಅಂದಿನಿಂದ ವಾರವಾರವೂ ಅವಳು ಒಂದೊಂದು ಕೇಳುತ್ತಿದ್ದಳು. ಗಾಳಿ ಬಂದಾಗ ಸದ್ದು ಹೇಗೆ? ಎಳೆಯ ಕಳಲೆಯ ತುದಿ ಯಾವ ಬಣ್ಣ? ತುದಿಗಳು ಒಂದಕ್ಕೊಂದು ತಾಗುತ್ತವೆಯೇ, ಬಿಟ್ಟುಕೊಂಡು ನಿಲ್ಲುತ್ತವೆಯೇ? ಅವಳಿಗೆ ಉತ್ತರ ಒಯ್ಯಬೇಕಲ್ಲ ಎಂದು ಕುಟಿಗ ಕಣ್ಣು ಬಿಟ್ಟು ನೋಡತೊಡಗಿದ, ಉಳಿ ಕೆಳಗಿಟ್ಟು ಕೇಳತೊಡಗಿದ. ಸದ್ದು ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ ಎಂದು ಹೇಳಿದ. “ಯಾವ ಬಾಗಿಲು? ತೆರೆಯೋದಾ, ಮುಚ್ಚೋದಾ?” ಎಂದಳು. ಮುಂದಿನ ವಾರ ಹೋಗಿ, “ತೆರೆಯೋದು,” ಎಂದ. ಅವಳಿಗೆ ಸಂತೋಷವಾಯಿತು.

ಮೆಟ್ಟಿಲು ಮುಗಿಯಿತು. ಕೆಳಗಿನ ಮೊದಲ ಮೆಟ್ಟಿಲಿನ ಪಕ್ಕದ ಬಂಡೆಯ ಮೇಲೆ ಗೌಡ ಅಕ್ಷರ ಕೆತ್ತಿಸಿದ. ಬುಟ್ಟಿಯವಳಿಗೆ ಓದು ಬಾರದು.

“ಏನು ಬರೆದಿದ್ದೀಯಣ್ಣಾ?”

“ಈ ದಾರಿ ಎಲ್ಲರಿಗೂ ಅಂತ.”

“ಒಳ್ಳೇದು,” ಎಂದಳು. “ಯಾರಾದರೂ ಕಂಡರೆ ಹೇಳ್ತೇನೆ.”

ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಟಿತು. ಕುಟಿಗ ಮುಂದೆ ಹತ್ತಿ ಹೋಗಿ ಮೇಲಿನಿಂದ ತನ್ನ ಕೆಲಸವನ್ನು ನೋಡುತ್ತ ನಿಂತ. ಮೊದಲು ಅವನಿಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಏನೋ ನಡೆಯುತ್ತಿದೆ ಅನ್ನಿಸಿತು. ಕುಂಬಾರನ ತಾಯಿ ಹತ್ತು ಮೆಟ್ಟಿಲು ಹತ್ತಿ ಕೂತಳು. ಕೂತವಳು ಕೂತಲ್ಲಿಂದಲೇ ಒಂದೊಂದಾಗಿ ಕೆಳಗೆ ಜರುಗಿದಳು. ಬಸುರಿಯೊಬ್ಬಳು ಗಂಡನಿಗೆ ಬುತ್ತಿ ಕೊಟ್ಟು, ನೀವು ಹೋಗಿಬನ್ನಿ ಎಂದಳು. ಕಣ್ಣು ಮಂಜಾದ ನೇಕಾರ ಕೈಯಿಂದ ಮೆಟ್ಟಿಲಿನ ಎತ್ತರ ಸವರಿ ನೋಡಿ ಹಿಂದಿರುಗಿದ. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು ಇದ್ದ ತಾಯಂದಿರು ಬುಡದಲ್ಲೇ ನೆರಳು ಹುಡುಕಿದರು. ಯಾರೂ ಕುಟಿಗನನ್ನು ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಮೊಣಕಾಲನ್ನೇ ಬೈದುಕೊಂಡರು.

ಮೇಲೆ ಬಂದವರನ್ನು ಅವನು ನೋಡಿದ. ಕುರಿ ಕಾಯುವವರು. ಬಿದಿರು ಕಡಿಯುವವರು. ಹರೆಯದವರು. ಪೈಲ್ವಾನ. ಮೊದಲೂ ಇವರೇ ಹತ್ತುತ್ತಿದ್ದರು. ಈಗ ಬೆವರು ಕಡಿಮೆ, ಅಷ್ಟೇ.

ಅವನಿಗೆ ಊಟ ಸೇರಲಿಲ್ಲ. ಕೆಳಗಿಳಿದು ಬಂದ. ಬುಟ್ಟಿಯವಳು ಬಂಡೆಗೆ ಒರಗಿ ಬುಟ್ಟಿಯ ಅಂಚು ಕಟ್ಟುತ್ತಿದ್ದಳು. ಗೌಡನೂ ಇಳಿದು ಬಂದ. ಗೌಡ ಕೆಟ್ಟವನಲ್ಲ. ಅವಳನ್ನು ಕಂಡು ಮನಸ್ಸು ಕರಗಿತು. “ನಮ್ಮ ಪೈಲ್ವಾನ ಹೊತ್ತುಕೊಂಡು ಹೋಗ್ತಾನೆ ಕಣಮ್ಮ. ನೀನೇನು ಭಾರ?” ಎಂದ.

“ಭಾರದ ಮಾತಲ್ಲ ಗೌಡರೇ. ಹೊತ್ತವನಿಗೆ ಕೆಲಸ ಇರ್ತದೆ. ನೋಡಿದೆಯಾ ಅಂತಾನೆ, ಆಯ್ತಾ ಅಂತಾನೆ. ನಾನು ಅಲ್ಲಿ ಹೋದರೆ ನನಗೆ ಸಾಕು ಅನ್ನಿಸೋವರೆಗೆ ಕೂರಬೇಕು. ಅದು ಎಷ್ಟು ಹೊತ್ತು ಅಂತ ನನಗೇ ತಿಳೀದು. ಅಷ್ಟು ಹೊತ್ತು ಇನ್ನೊಬ್ಬನ್ನ ಕಾಯಿಸಿ ಯಾವ ಬಿದಿರು ನೋಡ್ಲಿ?”

ಗೌಡನಿಗೆ ಅವಳದು ಹಟ ಎಂದು ಕಂಡಿತು. ಹೇಳಿದ್ದಾಯಿತು ಎಂಬ ಸಮಾಧಾನದಲ್ಲಿ ಹೋದ.

ಕುಟಿಗ ಹೋಗಲಿಲ್ಲ. ಅವಳ ಎದುರು ಕೂತು ಮಣಿಕಟ್ಟಿನ ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತ.

“ಅಕ್ಕಾ, ಆವತ್ತು ಮುಹೂರ್ತ ಅಂದೆನಲ್ಲ.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ನೀನು ಹೇಳುವಾಗಲೇ.”

ಆ ದಿನ ಅವನು ಅವಳಿಗೆ ಮಾತು ಕೊಟ್ಟ. ಮೆಟ್ಟಿಲಲ್ಲ, ಬಳಸುದಾರಿ. ಬೆಟ್ಟದ ಸೊಂಟ ಸುತ್ತಿಕೊಂಡು, ಗಾಡಿಯ ಎತ್ತೂ ಏದುಸಿರು ಬಿಡದಷ್ಟು ನಿಧಾನವಾಗಿ ಏರುವ ದಾರಿ. ಈ ಸಲ ಅಳತೆ ಅವಳಿಂದಲೇ ತೆಗೆದ. ಸಮನೆಲದಲ್ಲಿ ಅವಳನ್ನು ನಡೆಸಿದ. ಎಷ್ಟು ಹೆಜ್ಜೆಗೆ ನಿಲ್ಲುತ್ತಾಳೆ ಎಂದು ನೋಡಿದ. ಅಷ್ಟಷ್ಟು ದೂರಕ್ಕೆ ಒಂದು ಕೂರುಗಲ್ಲು ಎಂದು ಗುರುತು ಮಾಡಿಕೊಂಡ. ಕಲ್ಲು ಎಷ್ಟು ಎತ್ತರವಿದ್ದರೆ ಏಳುವುದು ಸುಲಭ ಎಂದು ಅವಳನ್ನೇ ಕೂರಿಸಿ ಏಳಿಸಿ ಕೇಳಿದ. ಗೌಡ, “ಮೆಟ್ಟಿಲಾಯ್ತಲ್ಲ, ಒಬ್ಬಳಿಗೋಸ್ಕರ ಇನ್ನೊಂದು ದಾರಿ ಯಾಕೆ?” ಎಂದ. “ಒಬ್ಬನ ಕಾಲಿಗೋಸ್ಕರ ಒಂದು ಆಯ್ತಲ್ಲ,” ಎಂದ ಕುಟಿಗ. ಒಬ್ಬನೇ ಕೆಲಸ ಹಿಡಿದ.

“ಹಾಗಾದರೆ ತಿದ್ದಿಕೊಂಡ,” ಎಂದ ಶಿಷ್ಯ. ಅವನ ಮುಖ ಹಗುರಾಗಿತ್ತು.

“ಕತೆ ಇಲ್ಲಿಗೆ ನಿಲ್ಲಿಸಲೇ?” ಎಂದರು ಗುರುತಾಯಿ. “ಹೇಳುವವರು ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ.”

ಶಿಷ್ಯ ಬೇಡವೆಂದು ತಲೆಯಾಡಿಸಿದ. ಅವರು ಮುಂದುವರಿದರು.

ಒಬ್ಬನೇ ಮಾಡಿದರೆ ಐದು ವರ್ಷದ ಕೆಲಸ. ಮೊದಲ ವರ್ಷ ಅವನು ಹುಮ್ಮಸ್ಸಿನಿಂದ ಮಾಡಿದ. ಎರಡನೆಯ ವರ್ಷ ಪಕ್ಕದ ಊರಿನವರು ಕೆರೆಯ ತೂಬು ಕಟ್ಟಲು ಕರೆದರು. ಹೊಟ್ಟೆಪಾಡು, ಹೋಗದೆ ಆಗುತ್ತದೆಯೇ? ಮೂರನೆಯ ವರ್ಷ ಮಗಳ ಮದುವೆ. ಆಮೇಲೆ ಒಂದು ವರ್ಷ ಬಿಸಿಲು ಹೆಚ್ಚಾಯಿತು, ಇನ್ನೊಂದು ವರ್ಷ ಮಳೆ ಹೆಚ್ಚಾಯಿತು. ಯಾವುದೂ ಸುಳ್ಳಲ್ಲ. ಒಂದೊಂದನ್ನೂ ತೆಗೆದು ನೋಡಿದರೆ ಒಂದೊಂದೂ ನಿಜವಾದ ಕಾರಣ. ಬಿಡುವಾದಾಗ ಬಂದು ಒಂದು ತಿರುವು ಕಡಿಯುತ್ತಿದ್ದ, ಒಂದು ಕೂರುಗಲ್ಲು ನಿಲ್ಲಿಸುತ್ತಿದ್ದ, ಹೋಗುತ್ತಿದ್ದ.

ಮನಸ್ಸಿನಲ್ಲಿ ಅವನು ಅವಳ ದಾರಿಯ ಕೆಲಸವನ್ನು ಯಾವತ್ತೂ ನಿಲ್ಲಿಸಿರಲಿಲ್ಲ. ಮಲಗುವಾಗ ನೆನಪಾಗುತ್ತಿತ್ತು. ಬರುವ ವರ್ಷ ಖಂಡಿತ ಎಂದುಕೊಳ್ಳುತ್ತಿದ್ದ. ಬಿದಿರು ಎಲ್ಲಿಗೆ ಹೋಗುತ್ತದೆ? ನಿಂತೇ ಇರುತ್ತದಲ್ಲ ಎಂದುಕೊಳ್ಳುತ್ತಿದ್ದ.

ಮೊದಲು ಅವಳು ಕೇಳುತ್ತಿದ್ದಳು. “ಎಲ್ಲಿವರೆಗೆ ಬಂತಣ್ಣಾ?” ಆಮೇಲೆ ಕೇಳುವುದನ್ನು ಬಿಟ್ಟಳು. ಗಾಳಿಯ ಸದ್ದು, ಕಳಲೆಯ ಬಣ್ಣ, ಅದನ್ನೂ ಕೇಳುವುದನ್ನು ಬಿಟ್ಟಳು. ಬುಟ್ಟಿ ಕೊಡುವಳು, ಆರೋಗ್ಯವೇ ಎನ್ನುವಳು. ಅವಳು ಕೇಳದಿರುವುದು ಕುಟಿಗನಿಗೆ ಒಳ್ಳೆಯತನವಾಗಿ ಕಂಡಿತು. ಪಾಪ, ಒತ್ತಾಯ ಮಾಡುವವಳಲ್ಲ ಎಂದು ಹೆಂಡತಿಯ ಹತ್ತಿರ ಹೊಗಳಿದ.

ಹೀಗೆ ಹನ್ನೊಂದು ವರ್ಷ ಕಳೆಯಿತು.

ಹನ್ನೆರಡನೆಯ ವರ್ಷ ಚಳಿ ಮುಗಿಯುವಾಗ, ಬಿದಿರು ಕಡಿಯುವವರು ತಂದು ಹಾಕಿದ ಹೊರೆಯಲ್ಲಿ ಅವಳ ಕೈಗೆ ಒಂದು ತುದಿ ಸಿಕ್ಕಿತು. ಎಲೆ ಕಡಿಮೆ. ಎಲೆಯ ಜಾಗದಲ್ಲಿ ಒಣ ಹೊಟ್ಟಿನ ಹಾಗೆ ಸಣ್ಣ ಗೊಂಚಲು. ಅಂಥದ್ದನ್ನು ಅವಳು ಎಂದೂ ಕಂಡಿರಲಿಲ್ಲ, ಆದರೆ ತಾಯಿಯ ಬಾಯಲ್ಲಿ ಕೇಳಿದ್ದಳು. ಬಿದಿರು ಆಯುಷ್ಯದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಬಿಟ್ಟರೆ ಮೆಳೆಗೆ ಮೆಳೆಯೇ ಬಿಡುತ್ತದೆ. ಆಮೇಲೆ ಮೆಳೆಗೆ ಮೆಳೆಯೇ ಒಣಗುತ್ತದೆ.

ಅವಳು ಕುಟಿಗನನ್ನು ಕರೆಸಿದಳು. ಅವನು ಬಂದ. ಆ ತುದಿಯನ್ನು ಅವನ ಕೈಯಲ್ಲಿ ಇಟ್ಟಳು.

“ಅಣ್ಣಾ, ದಾರಿ ಎಷ್ಟು ಉಳಿದಿದೆ?”

“ಒಂದು ತಿರುವು. ನೆತ್ತಿಯ ಹತ್ತಿರ ಒಂದು ಬಂಡೆ ಅಡ್ಡ ಇದೆ.”

“ಎಷ್ಟು ದಿನ ಬೇಕು?”

ಅವನು ತುದಿಯನ್ನು ನೋಡಿದ, ಅವಳನ್ನು ನೋಡಿದ. ಬಿದಿರಿನ ವಿಷಯ ಈಗ ಅವನಿಗೂ ತಿಳಿಯುತ್ತಿತ್ತು, ಅವಳೇ ಕಲಿಸಿದ್ದಳು. “ಹಗಲೆಲ್ಲ ಕಡಿದರೆ ಮಳೆಯ ಹೊತ್ತಿಗೆ,” ಎಂದ.

“ಕಡಿ,” ಎಂದಳು. ಇಷ್ಟು ವರ್ಷಕ್ಕೆ ಅವಳು ಅವನಿಗೆ ಹೇಳಿದ ಒಂದೇ ಒಂದು ಒತ್ತಾಯದ ಮಾತು ಅದು.

ಕುಟಿಗ ಬೇರೆ ಕೆಲಸವನ್ನೆಲ್ಲ ಬಿಟ್ಟ. ಜೀವಮಾನದಲ್ಲಿ ಹಾಗೆ ಅವನು ಕಡಿದಿರಲಿಲ್ಲ. ಅಂಗೈ ಒಡೆಯಿತು, ಬಟ್ಟೆ ಸುತ್ತಿಕೊಂಡು ಕಡಿದ. ಕರೆಯದೆಯೇ ಪೈಲ್ವಾನ ಬಂದು ಸುತ್ತಿಗೆ ಹಿಡಿದ. ಕುಂಬಾರನ ಮಗ ಬಂದ. ಬಂಡೆ ಗಟ್ಟಿ, ಸೀಳುವುದಕ್ಕೆ ಒಗ್ಗದ ಬಂಡೆ. ಅಡ್ಡಲಾಗಿ ಬಿರಿಯುತ್ತಿತ್ತು, ನೇರವಾಗಿ ಬಿರಿಯುತ್ತಿರಲಿಲ್ಲ. ಪ್ರತಿ ಮಧ್ಯಾಹ್ನ ಅವನು ನೆತ್ತಿ ದಾಟಿ ಹೋಗಿ ಮೆಳೆಯನ್ನು ನೋಡಿ ಬರುತ್ತಿದ್ದ. ಒಂದು ದಿನ ಮೆಳೆಯೆಲ್ಲ ಹೂವಾಗಿತ್ತು. ಒಂದು ದಿನ ಎಲೆಯ ಹಸಿರು ಇಳಿದಿತ್ತು. ಆಮೇಲೆ ನೋಡುವುದನ್ನು ಬಿಟ್ಟ.

ಬಿದಿರಕ್ಕಿ ಉದುರತೊಡಗಿತು. ಊರಿನವರು ಮೆಟ್ಟಿಲು ಹತ್ತಿ ಹೋಗಿ, ಮೆಳೆಯ ಬುಡ ಗುಡಿಸಿ, ಚೀಲ ತುಂಬಿಸಿಕೊಂಡು ಇಳಿದರು. ಪಾಯಸ ಮಾಡಿದರು. ಯಾರೋ ನೆನಪಿಟ್ಟು ಬುಟ್ಟಿಯವಳಿಗೂ ಒಂದು ಸೇರು ಕೊಟ್ಟು ಹೋದರು. ಅವಳು ಅದನ್ನು ಒಲೆಯ ಪಕ್ಕದಲ್ಲಿ ಇಟ್ಟಳು. ಬೇಯಿಸಲಿಲ್ಲ.

ಬಂಡೆ ಒಡೆದಾಗ ಮಳೆ ಬಂದು ಒಂದು ತಿಂಗಳಾಗಿತ್ತು. ಕುಟಿಗ ಅವಳ ಬಾಗಿಲಿಗೆ ಹೋಗಿ ನಿಂತ. ಅವಳು ಊರುಗೋಲು ತೆಗೆದುಕೊಂಡಳು.

ಬೆಳಿಗ್ಗೆ ಹೊರಟಳು. ತಾನೇ ನಡೆದಳು. ಕುಟಿಗ ಹತ್ತು ಹೆಜ್ಜೆ ಹಿಂದೆ ಬಂದ. ಕೂರುಗಲ್ಲು ಬಂದಾಗಲೆಲ್ಲ ಅವಳು ಕೂತಳು. ಕಲ್ಲು ಅವಳ ದಣಿವಿಗೆ ಸರಿಯಾಗಿ ಸಿಕ್ಕುತ್ತಿತ್ತು. ಮೂರನೆಯ ತಿರುವಿನಲ್ಲಿ ಊರು ಕೆಳಗೆ ಕಾಣಿಸಿತು. ತನ್ನ ಗುಡಿಸಲನ್ನು ಹುಡುಕಿ, “ಸೂರು ಹೋಗಿದೆ, ಕೆಳಗಿದ್ದರೆ ಗೊತ್ತಾಗ್ತಿರಲಿಲ್ಲ,” ಎಂದಳು. ಹಕ್ಕಿಯೊಂದು ಅವಳಿಗಿಂತ ಕೆಳಗೆ ಹಾರುತ್ತಿತ್ತು. ಅದರ ಬೆನ್ನನ್ನು ನೋಡುತ್ತ ಬಹಳ ಹೊತ್ತು ನಿಂತಳು. ಹಕ್ಕಿಗಳ ಹೊಟ್ಟೆಯನ್ನು ಮಾತ್ರ ಅವಳು ಇದುವರೆಗೆ ಕಂಡಿದ್ದಳು. ಕುಟಿಗನ ಎದೆಯಲ್ಲಿ ಒಂದಿಷ್ಟು ಆಸೆ ಮೂಡಿತು. ಇದೇ ಸಾಕಾಗಬಹುದೇನೋ, ದಾರಿಯೇ ಸಾಕಾಗಬಹುದೇನೋ ಎಂದು.

ಇಳಿಹೊತ್ತಿಗೆ ನೆತ್ತಿ ದಾಟಿದರು.

ಮೆಳೆ ನಿಂತಿತ್ತು. ಬುಡದಿಂದ ತುದಿಯವರೆಗೆ ಒಣಗಿ, ಹುಲ್ಲಿನ ಬಣ್ಣಕ್ಕೆ ತಿರುಗಿ, ಒಂದರ ಮೇಲೊಂದು ಒರಗಿ ನಿಂತಿತ್ತು. ಒಂದು ಎಲೆಯಿರಲಿಲ್ಲ. ಗಾಳಿ ಬಂತು. ಸದ್ದು ಬಾಗಿಲಿನದಲ್ಲ, ಒಣಕಟ್ಟಿಗೆ ಒಂದಕ್ಕೊಂದು ಬಡಿದ ಸದ್ದು. ಬಿಸಿಲು ನೇರವಾಗಿ ಚಿಲುಮೆಯ ಮೇಲೆ ಬಿದ್ದಿತ್ತು.

ಅವಳು ಹತ್ತಿರ ಹೋದಳು. ಒಂದು ಬಿದಿರಿಗೆ ಕೈಯಿಟ್ಟಳು. ಬೆರಳಿನಿಂದ ತಟ್ಟಿದಳು. ಗಿಣ್ಣಿನಿಂದ ಗಿಣ್ಣಿಗೆ ಕೈ ಜಾರಿಸಿದಳು, ಕೈ ಎಟಕುವಷ್ಟು ಎತ್ತರಕ್ಕೆ. ಆಮೇಲೆ ಕೈ ಇಳಿಸಿದಳು.

“ಇದು ನನಗೆ ಗೊತ್ತಿರೋ ಬಿದಿರೇ ಅಣ್ಣಾ,” ಎಂದಳು.

ಕುಟಿಗ ಮೆಳೆಯ ಪಕ್ಕದಲ್ಲಿ ಕೂತ. ಬುಡದ ಮಣ್ಣಿನಲ್ಲಿ ಎಳೆಯ ಮೊಳಕೆಗಳು ಗರಿಕೆಯಷ್ಟೆತ್ತರ ಎದ್ದಿದ್ದವು. ಅವನು ಅವುಗಳ ಕಡೆ ಕೈ ತೋರಿಸಿದ. “ಅಕ್ಕಾ, ನೋಡು. ಬಂದಿದೆ. ಮತ್ತೆ ಬಂದಿದೆ.”

ಅವಳು ಬಗ್ಗಿ ನೋಡಿದಳು. “ಹೌದು. ಚೆನ್ನಾಗಿದೆ. ತುಳಿಯದ ಹಾಗೆ ಕೂತ್ಕೋ.”

ಅವಳು ಕೂತಳು. ತನಗೆ ಸಾಕು ಅನ್ನಿಸುವವರೆಗೆ ಕೂರುತ್ತೇನೆ ಎಂದಿದ್ದವಳು ಬಹಳ ಹೊತ್ತು ಕೂರಲಿಲ್ಲ. ಬಿಸಿಲು ಇಳಿಯುವ ಮುಂಚೆಯೇ ಎದ್ದು ಇಳಿಜಾರು ಹಿಡಿದಳು. ಕೆಳಗೆ ಬಂದು ಬಾಗಿಲು ಎಳೆದುಕೊಳ್ಳುವಾಗ, “ದಾರಿ ಚೆನ್ನಾಗಿ ಕಡಿದಿದ್ದೀ ಅಣ್ಣಾ. ಎಲ್ಲೂ ಉಸಿರು ಕಟ್ಟಲಿಲ್ಲ,” ಎಂದಳು. ಅವಳ ಮಾತಿನಲ್ಲಿ ಕೊಂಕು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮೆಳೆ ಹೋದ ಮೇಲೆ ಆ ಊರಿಗೆ ಬಿದಿರು ಇರಲಿಲ್ಲ. ಅವಳು ಈಚಲ ಗರಿಯಲ್ಲಿ ಚಾಪೆ ಹೆಣೆಯತೊಡಗಿದಳು. ಬಳಸುದಾರಿಯಲ್ಲಿ ಕುಂಬಾರನ ತಾಯಿ ಹತ್ತಿದಳು, ಬಸುರಿಯರು ಹತ್ತಿದರು, ನೇಕಾರ ಕೂರುಗಲ್ಲುಗಳನ್ನು ಕೈಯಿಂದ ಮುಟ್ಟಿ ಎಣಿಸುತ್ತ ಹತ್ತಿದ. ಕೆಲವು ವರ್ಷಕ್ಕೆ ಎಲ್ಲರೂ ಅದರಲ್ಲೇ ಓಡಾಡಿದರು. ಕುಟಿಗನನ್ನು ಊರು ಹೊಗಳಿತು. ಹೊಗಳುವಾಗ ಅವನು ಎದ್ದು ಹೋಗುತ್ತಿದ್ದ. ಬುಟ್ಟಿಯವಳು ಮತ್ತೆ ಹತ್ತಲಿಲ್ಲ. ಮೊಳಕೆ ಆಳೆತ್ತರಕ್ಕೆ ಬಂದ ವರ್ಷ ಅವನು ಅವಳ ಬಾಗಿಲಿಗೆ ಹೋಗಿ, “ಈಗ ಬಾ ಅಕ್ಕಾ,” ಎಂದ. ಅಷ್ಟರಲ್ಲಿ ಅವಳ ಇನ್ನೊಂದು ಕಾಲೂ ಏಳುತ್ತಿರಲಿಲ್ಲ. “ಹೇಗೆ ನಿಂತಿದೆ, ಹೇಳು,” ಎಂದಳು. ಅವನು ಹೇಳಲು ಹೊರಟ. ಉದ್ದಕ್ಕೆ, ಹಸಿರಾಗಿ ಎಂಬುದರ ಆಚೆಗೆ ಅವನಿಗೆ ಒಂದು ಮಾತೂ ಹೊರಡಲಿಲ್ಲ.

ಗುರುತಾಯಿ ಕತೆ ನಿಲ್ಲಿಸಿದರು. ನದಿಯ ನೀರಿನಿಂದ ಕಾಲು ತೆಗೆದು ಸೆರಗಿನಿಂದ ಒರೆಸಿಕೊಂಡರು.

ಕುಟಿಗನನ್ನು ಹಾಗೆ ಬಿಟ್ಟುಬಿಡಲು ಶಿಷ್ಯನಿಗೆ ಮನಸ್ಸಾಗಲಿಲ್ಲ.

“ಆದರೂ ತಾಯಿ, ಅವನು ದಾರಿ ಮಾಡಿದ. ಮಾತು ಉಳಿಸಿಕೊಂಡ. ಊರಿಗೆ ಒಳ್ಳೆಯದೇ ಆಯಿತು. ಅವಳಿಗೆ ಮಾತ್ರ ಸ್ವಲ್ಪ ತಡವಾಯಿತು, ಅಷ್ಟೇ ಅಲ್ಲವೇ?”

“ತಡ ಎನ್ನುವುದು ಕಾಯಿಸಿದವರ ಮಾತು ಮಗೂ, ಕಾದವರು ಅದನ್ನೇ ‘ಇಲ್ಲ’ ಎಂದು ಕರೆಯುತ್ತಾರೆ,” ಎಂದರು ಗುರುತಾಯಿ.